ಚೊಕ್ಕಟ ಊರಿನ ಹೆಗ್ಗಣಗಳು

ಫೆಬ್ರವರಿ 8, 1988, ಸೋಮವಾರ

ಇವತ್ತು ‘ಚೊಕ್ಕಟ ಊರು’ ಸಮಿತಿಯ ಸಭೆಯಲ್ಲಿ ನನ್ನ ಠರಾವು ಸರ್ವಾನುಮತದಿಂದ ಪಾಸಾಯಿತು. ಸರ್ವಾನುಮತ ಎಂದರೆ, ಅಧ್ಯಕ್ಷೆಯಾದ ನಾನು ಓದಿದೆ, ಉಳಿದ ಐವರು ನಾನೇ ಮಾಡಿ ಒಯ್ದಿದ್ದ ಲ್ಯಾಮಿಂಗ್ಟನ್ ಕೇಕು ತಿನ್ನುತ್ತಿದ್ದರು. ಬಾಯಿ ತುಂಬಿದ್ದರಿಂದ ಕೈ ಎತ್ತಿದರು.

ಠರಾವು ಹೀಗಿದೆ: ‘ಊರ ತಿಪ್ಪೆಯಲ್ಲಿ ಬಿದ್ದಿರುವ ನಲವತ್ತೊಂದು ಹಳೆಯ ಕಾರುಗಳನ್ನೂ ಅವುಗಳಲ್ಲಿ ಮನೆಮಾಡಿಕೊಂಡಿರುವ ಹೆಗ್ಗಣಗಳನ್ನೂ ಮಾರ್ಚ್ ಹದಿನಾಲ್ಕರೊಳಗೆ ತಿಪ್ಪೆಯಿಂದ ತೆರವುಗೊಳಿಸತಕ್ಕದ್ದು.’ ಕಾರು ಜಜ್ಜುವ ಯಂತ್ರ ಅವತ್ತೇ ಈ ದಾರಿಯಾಗಿ ಹೋಗುತ್ತದಂತೆ.

ಚೊಕ್ಕಟ ಊರಿನ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ನಮ್ಮೂರು ವಿರ್ರಬೂಲ್ ಎರಡನೇ ಸ್ಥಾನದಲ್ಲಿ ಕೊಳೆಯುತ್ತಿದೆ. ಮೂರೂ ಸಲ ಬಹುಮಾನ ಬ್ರಾಕ್ಸ್‌ಬಿಯ ಪಾಲು. ಅವರ ಊರಬಾಗಿಲಲ್ಲಿ ‘ಅತ್ಯಂತ ಚೊಕ್ಕಟ ಊರು’ ಎಂಬ ನೀಲಿ ಬೋರ್ಡು ನಿಂತಿದೆ. ಹೋದ ವರ್ಷ ಸೋತದ್ದು ಎರಡೇ ಅಂಕದಲ್ಲಿ. ತೀರ್ಪುಗಾರರ ಷರಾ: ‘ತಿಪ್ಪೆಯ ನೋಟ ಮನಸ್ಸಿಗೆ ಹಿತವಾಗಿಲ್ಲ.’ ಯಾವ ಊರಿನ ತಿಪ್ಪೆ ಹಿತವಾಗಿರುತ್ತದೋ ನನಗೆ ಗೊತ್ತಿಲ್ಲ. ಬ್ರಾಕ್ಸ್‌ಬಿಯದು ಇರುತ್ತದಂತೆ.

ತಿಪ್ಪೆಯ ಕಾವಲುಗಾರ ಕ್ಲ್ಯಾರಿ ನನ್ನ ಸ್ವಂತ ತಮ್ಮ. ಪೇಟೆಯಲ್ಲಿ ಎದುರು ಬಂದರೆ ನಾನು ಅಂಗಡಿಯ ಕಿಟಕಿ ನೋಡುತ್ತಾ ನಿಲ್ಲುತ್ತೇನೆ. ಠರಾವಿನ ಪ್ರತಿಯನ್ನು ಅವನಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ನೀಲಿ ಬೋರ್ಡು ಈ ಸಲ ನಮಗೆ ಬರಲೇಬೇಕು. ನನಗೆ ಅರವತ್ತಮೂರು. ಇನ್ನೆಷ್ಟು ಸಲ ಎರಡನೆಯವಳಾಗಿರಲಿ?

ಫೆಬ್ರವರಿ 12, ಶುಕ್ರವಾರ

ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಹದಿನಾರು ತೂತು. ಒಂದೊಂದೂ ಐಸ್‌ಕ್ರೀಂ ಕೋನು ಚುಚ್ಚಿ ತೆಗೆದ ಹಾಗೆ, ಮೇಲೆ ಅಗಲ, ಕೆಳಗೆ ಚೂಪು. ಈ ಬೇಸಿಗೆಯಲ್ಲಿ ಊರಿಗೆ ಊರೇ ಹಳದಿಯಾಗಿರುವಾಗ ಹಸಿರಾಗಿ ಉಳಿದಿರುವುದು ನನ್ನ ಹುಲ್ಲು ಒಂದೇ. ತೀರ್ಪುಗಾರರು ಮೊದಲು ಬರುವುದೂ ಇಲ್ಲಿಗೇ. ತಿಪ್ಪೆಯ ಹೆಗ್ಗಣಗಳು ನನ್ನ ಠರಾವನ್ನು ಓದಿ ಸೇಡು ತೀರಿಸಿಕೊಳ್ಳುತ್ತಿವೆ ಎಂದೇ ಅನ್ನಿಸಿತು.

ಬೆಕ್ಕು ಡ್ಯೂಕ್‌ನನ್ನು ರಾತ್ರಿ ಹೊರಗೆ ಬಿಟ್ಟಿದ್ದೇನೆ. ಹಾಲು ಕುಡಿದು ಕುಡಿದು ಕೊಬ್ಬಿದ್ದಾನೆ, ಒಂದಿಷ್ಟು ಕೆಲಸ ಮಾಡಲಿ.

ಫೆಬ್ರವರಿ 16, ಮಂಗಳವಾರ

ಮೆಲ್ಬರ್ನ್‌ನಿಂದ ಒಬ್ಬ ಪ್ರಾಣಿಶಾಸ್ತ್ರದ ಹೆಂಗಸು ಬಂದಿದ್ದಾಳೆ. ಹೆಸರು ರಾಸ್ಲಿನ್ ಫಿಚ್, ಮೂವತ್ತೈದರ ಆಸುಪಾಸು, ಕೂದಲಿಗೆ ಬಾಚಣಿಗೆಯ ಪರಿಚಯವಿಲ್ಲ. ನಮ್ಮ ಸಮಿತಿಯಲ್ಲೂ ಇರುವ ಕೌನ್ಸಿಲ್ ಅಧ್ಯಕ್ಷ ಮರ್ವ್ ಹಾಡ್ಜ್ ನನ್ನನ್ನು ಕೇಳದೆಯೇ ಅವಳನ್ನು ನನ್ನ ಖಾಲಿ ಕೋಣೆಗೆ ತಂದು ಸುರಿದು ಹೋದ. ಅವಳ ಬೂಟಿನ ಕೆಸರಿಗೆ ಪ್ರತ್ಯೇಕ ಚಾಪೆ ಹಾಕಬೇಕಾಯಿತು.

ಬಂದವಳು ಹುಲ್ಲುಹಾಸಿನ ತೂತು ನೋಡಿ ಮೊಣಕಾಲೂರಿ ಕೂತುಬಿಟ್ಟಳು. ಮೂಗನ್ನು ಮಣ್ಣಿಗೆ ತಾಗಿಸಿ, “ಎನಿಡ್! ನಿಮ್ಮ ಅಂಗಳಕ್ಕೆ ಬ್ಯಾಂಡಿಕೂಟ್ ಬಂದಿದೆ!” ಎಂದು ಕೂಗಿದಳು.

“ಅದಕ್ಕೆ ಔಷಧಿ ಏನಾದ್ರೂ ಸಿಗುತ್ತಾ?” ಎಂದೆ.

“ಔಷಧಿನಾ? ಇಡೀ ದೇಶದ ಮುಖ್ಯ ಭೂಭಾಗದಲ್ಲಿ ಈ ಪಟ್ಟೆ ಬ್ಯಾಂಡಿಕೂಟ್ ಉಳಿದಿರೋದು ನಿಮ್ಮೂರ ತಿಪ್ಪೇಲಿ ಮಾತ್ರ. ಬಯಲೆಲ್ಲ ಕುರಿಗಾಯ್ತು, ಉಳಿದಿದ್ದು ನರಿ ಬೆಕ್ಕಿಗಾಯ್ತು.”

ಅದು ಹೆಗ್ಗಣವೇ ಅಲ್ಲವಂತೆ. ಕಾಂಗರೂ ತರಹ ಹೊಟ್ಟೆಯಲ್ಲಿ ಚೀಲ ಇರುವ ಪ್ರಾಣಿಯಂತೆ. ಹಿಂದೆ ಇಂಡಿಯಾದಲ್ಲಿದ್ದ ಸಾಹೇಬರು ಅಲ್ಲಿನ ತೆಲುಗರು ಹೆಗ್ಗಣಕ್ಕೆ ಅನ್ನುವ ‘ಪಂದಿಕೊಕ್ಕು’ ಎಂಬ ಮಾತನ್ನು ಬಾಯಿಗೆ ಬಂದ ಹಾಗೆ ‘ಬ್ಯಾಂಡಿಕೂಟ್’ ಮಾಡಿಕೊಂಡಿದ್ದರಂತೆ. ಇಲ್ಲಿ ಉದ್ದ ಮೂತಿಯ ಇದನ್ನು ಕಂಡಾಗ ಹೋಲಿಕೆ ನೋಡಿ ಅದೇ ಹೆಸರು ಅಂಟಿಸಿದರಂತೆ. ಅಂದರೆ ನನ್ನ ಠರಾವಿನಲ್ಲಿ ‘ಹೆಗ್ಗಣ’ ಎಂದು ಬರೆದದ್ದು ನನ್ನ ತಪ್ಪಲ್ಲ. ಅದು ನನಗಿಂತ ಬಹಳ ಹಳೆಯ ತಪ್ಪು.

ಬೋನಿಗೆ ಇಡುವ ತಿಂಡಿಗೆಂದು ಕಡಲೆಕಾಯಿ ಬೆಣ್ಣೆ, ಓಟ್ಸು, ಜೇನು ಕಲಸಲು ನನ್ನ ಮದುವೆಯ ಬಟ್ಟಲನ್ನೇ ತೆಗೆದುಕೊಂಡಿದ್ದಾಳೆ.

ಫೆಬ್ರವರಿ 23, ಮಂಗಳವಾರ

ಬೆಳಗಾಗುವ ಮುಂಚೆ ತಿಪ್ಪೆಗೆ ಹೋಗಿದ್ದೆ. ಹೋಗಿದ್ದು ಕೈಬರಹದ ಸಲುವಾಗಿ. ರಾಸ್ಲಿನ್ ಬರೆಯುವ ‘7’ ಮತ್ತು ‘1’ ಅವಳಿ ಮಕ್ಕಳು, ಹೆತ್ತವಳಿಗೂ ಗುರುತು ಹತ್ತುವುದಿಲ್ಲ. ದೇಶದಲ್ಲೇ ಕೊನೆಯದಾಗಿರುವ ಪ್ರಾಣಿಯ ಲೆಕ್ಕವನ್ನು ಹೀಗೆ ಗೀಚಿದರೆ ನೋಡಿ ಸುಮ್ಮನಿರುವುದು ಹೇಗೆ? ರೂಲು ಎಳೆದ ಪುಸ್ತಕ ಹಿಡಿದು ಹೊರಟೆ.

ಕ್ಲ್ಯಾರಿ ತಗಡಿನ ಗೂಡಿನಿಂದ ಹೊರಬಂದು, “ಅಕ್ಕಾ! ದಾರಿ ತಪ್ಪಿ ಬಂದ್ಯಾ? ಅಂಗಡಿ ಕಿಟಕಿ ಇಲ್ಲಿಲ್ವಲ್ಲೇ, ಎಲ್ಲಿ ನೋಡ್ಕೊಂಡು ನಿಲ್ತೀಯ ಈಗ?” ಎಂದ. ಅವನು ಕೊಟ್ಟ ಚಹಾ ಕುಡಿದೆ. ಲೋಟ ತೊಳೆದಿತ್ತು, ನೋಡಿದೆ.

ಬೋನಿನಲ್ಲಿ ಸಿಕ್ಕ ಪ್ರಾಣಿಯನ್ನು ದಿಂಬಿನ ಚೀಲಕ್ಕೆ ಇಳಿಸಿ ತೂಗಬೇಕು. ರಾಸ್ಲಿನ್‌ಳ ಚೀಲಗಳು ಹರಿದಿದ್ದವು. ಅದಕ್ಕೇ ನಾನು ಮನೆಯಿಂದ ಇಸ್ತ್ರಿ ಮಾಡಿದವು ಆರು ತಂದಿದ್ದೆ. ನಾಲ್ಕನೆಯದು ಹೆಣ್ಣು, ಕಿವಿಗೆ ಹಾಕಿದ ಬಿಲ್ಲೆಯ ಸಂಖ್ಯೆ 4 ಎಂದು ಪುಸ್ತಕಕ್ಕೆ ಬರೆದುಕೊಂಡೆ. ಬೆಕ್ಕಿನ ಮರಿಯಷ್ಟು ದೊಡ್ಡದು, ಉದ್ದ ಮೂಗು, ಹಿಂಭಾಗದಲ್ಲಿ ಬೆಣ್ಣೆಬಣ್ಣದ ಪಟ್ಟೆಗಳು. ರಾಸ್ಲಿನ್ ಹೊಟ್ಟೆಚೀಲವನ್ನು ಬೆರಳಿನಿಂದ ಬಿಡಿಸಿ ತೋರಿಸಿದಳು. ಒಳಗೆ ನಾಲ್ಕು ಮರಿ, ಬೇಯಿಸಿದ ಕಡಲೆಕಾಯಿ ಬೀಜದಷ್ಟು, ಮೊಲೆ ಕಚ್ಚಿಕೊಂಡೇ ಇದ್ದವು.

“ಚೀಲದ ಬಾಯಿ ಹಿಂದಕ್ಕಿದೆಯಲ್ಲ?” ಎಂದೆ.

“ಕಾಂಗರೂಗೆ ಮುಂದಕ್ಕೆ, ಇದಕ್ಕೆ ಹಿಂದಕ್ಕೆ. ಇದು ಇಡೀ ರಾತ್ರಿ ಮುಂಗಾಲಲ್ಲಿ ನೆಲ ಕೆದರಿ ಹುಳ ಹುಡುಕುತ್ತೆ ನೋಡಿ. ಬಾಯಿ ಮುಂದೆ ಇದ್ದಿದ್ರೆ ಮಣ್ಣೆಲ್ಲ ಮಕ್ಕಳ ಮೇಲೆ ಬೀಳ್ತಿತ್ತು.”

ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನು ನಮ್ಮ ಕೌನ್ಸಿಲಿನಲ್ಲೂ ಕಂಡಿಲ್ಲ.

ಇವು ಇಲ್ಲಿ ಮಾತ್ರ ಯಾಕೆ ಉಳಿದವು ಎಂದು ಕೇಳಿದ್ದಕ್ಕೆ ಕ್ಲ್ಯಾರಿ ತುಕ್ಕು ಹಿಡಿದ ಒಂದು ಹೋಲ್ಡನ್ ಕಾರನ್ನು ಒದ್ದು ತೋರಿಸಿದ. “ಇದೇ ಕಣಕ್ಕ ಕೋಟೆ. ಸೀಟಿನ ಕೆಳಗೆ ಹುಲ್ಲು ಹಾಸ್ಕೊಂಡು ಮಲಗ್ತವೆ. ಈ ತಗಡಿನ ಸಂದೀಲಿ ನರಿ ತಲೆ ತೂರಲ್ಲ. ನಮ್ ಮುತ್ತಜ್ಜಂದ್ರು ಬೇಟೆ ಶೋಕಿಗೆ ಅಂತ ಹಡಗಲ್ಲಿ ನರಿ ತಂದ್ರು, ನಾವು ಕಾರು ತಂದು ಎಸೆದ್ವಿ. ಎರಡೂ ಕಸಾನೇ. ಒಂದು ಉಪಯೋಗಕ್ಕೆ ಬಂತು ಅಷ್ಟೆ.” ಬೀಡು ಬಿಟ್ಟಿರುವುದು ಉತ್ತರದ ಮೂಲೆಯ ಒಂಬತ್ತು ಕಾರುಗಳಲ್ಲಂತೆ.

ನಾಳೆಯೂ ಹೋಗಬೇಕು. ಪುಟ ಅರ್ಧಕ್ಕೆ ನಿಂತಿದೆ, ನನಗೆ ಅರ್ಧ ಪುಟ ಆಗುವುದಿಲ್ಲ.

ಫೆಬ್ರವರಿ 29, ಸೋಮವಾರ

ಕೌನ್ಸಿಲ್ ಮತ್ತು ನಮ್ಮ ಸಮಿತಿಯ ಜಂಟಿ ಸಭೆ. ರಾಸ್ಲಿನ್ ಅರ್ಧ ಗಂಟೆ ಮಾತಾಡಿದಳು. ತಿಪ್ಪೆಗೆ ಸರ್ಕಾರದ ರಕ್ಷಣೆ ಸಿಗಲು ಜೂನ್ ಆಗುತ್ತದೆ, ಅಲ್ಲಿಯವರೆಗೆ ಕಾರು ಮುಟ್ಟಬೇಡಿ ಎಂದು ಕೈಮುಗಿಯುವುದೊಂದು ಬಾಕಿ.

ಮರ್ವ್ ಹಾಡ್ಜ್‌ಗೆ ಕಣ್ಣಲ್ಲಿ ನೀರೇ ಬಂತು. “ದೇಶದಲ್ಲೇ ಕೊನೇದು, ನಮ್ಮೂರಲ್ಲಿ! ಬ್ರಾಕ್ಸ್‌ಬಿಯೋರ ಹತ್ರ ಏನಿದೆ? ಒಂದು ಹೂವಿನ ಗಡಿಯಾರ!” ಎಂದು ಮೇಜು ಗುದ್ದಿದ. ಐದೇ ನಿಮಿಷದಲ್ಲಿ ಎರಡು ತೀರ್ಮಾನ ಆಯಿತು. ಒಂದು, ಬ್ಯಾಂಡಿಕೂಟ್ ಇನ್ನು ಮುಂದೆ ವಿರ್ರಬೂಲಿನ ಲಾಂಛನ. ಎರಡು, ಕಾರುಗಳನ್ನು ಹೇಳಿದ ದಿನವೇ ಜಜ್ಜುವುದು.

“ಅವು ಇರೋದೇ ಆ ಕಾರುಗಳಲ್ಲಿ,” ಎಂದಳು ರಾಸ್ಲಿನ್.

“ಪ್ರಾಣಿ ಕಾಪಾಡೋಣಮ್ಮ, ಬೇಡ ಅಂದೋರ್ಯಾರು? ಬೇರೆ ಎಲ್ಲಾದ್ರೂ ಕಾಪಾಡೋಣ.”

ಲಾಂಛನದ ಚಿತ್ರವೂ ಸಿದ್ಧವಿತ್ತು. ನಗುವ ಬ್ಯಾಂಡಿಕೂಟ್, ಹೊಟ್ಟೆಯ ಮುಂದಿನ ಜೇಬಿನಿಂದ ಇಣುಕಿ ಕೈ ಬೀಸುವ ಮರಿ. ನಾನು ಎದ್ದು ನಿಂತು, ಚೀಲದ ಬಾಯಿ ಹಿಂದಕ್ಕಿರುತ್ತದೆ, ಚಿತ್ರ ತಪ್ಪು ಎಂದೆ.

“ಮಿಸೆಸ್ ಟ್ರೆಲೋರ್, ಬರೋ ಜನಕ್ಕೆ ಮರಿ ಮುಖ ಕಾಣ್ಬೇಕಲ್ಲ? ಲೆಟರ್‌ಹೆಡ್ ಮೇಲೆ ಅದರ ತಿಕ ತೋರಿಸೋಕಾಗುತ್ತೇನ್ರೀ?” ಎಂದ. ಎಲ್ಲರೂ ನಕ್ಕರು. ಲ್ಯಾಮಿಂಗ್ಟನ್ ಡಬ್ಬಿಯ ಮುಚ್ಚಳ ಹಾಕಿ ಬ್ಯಾಗಿಗೆ ಸೇರಿಸಿದೆ.

ಠರಾವು ವಾಪಸು ಪಡೆಯುವ ನಿಯಮ ಏನಿದೆ ಎಂದು ನೋಡಿದೆ. ಇಪ್ಪತ್ತೊಂದು ದಿನ ಮುಂಚೆ ಬರೆದು ಕೊಡಬೇಕು. ಉಳಿದಿರುವುದು ಹದಿನಾಲ್ಕು. ಈ ನಿಯಮ ಮಾಡಿಸಿದವಳು ನಾನೇ, 1981ರಲ್ಲಿ, ಜನ ದಿನಕ್ಕೊಂದು ಮಾತು ಬದಲಿಸುತ್ತಾರೆ ಎಂದು. ವಾಪಸು ಪಡೆಯುವ ಯೋಚನೆಯೇನೂ ನನಗಿಲ್ಲ. ನಿಯಮ ಗೊತ್ತಿರಲಿ ಎಂದು ನೋಡಿದ್ದು.

ಮಾರ್ಚ್ 2, ಬುಧವಾರ

ಬೆಳಗ್ಗೆ ಬಾಗಿಲು ತೆಗೆದರೆ ಚಾಪೆಯ ಮೇಲೆ ಅವಳು. ಕಿವಿಯಲ್ಲಿ ನಾನೇ ಪುಸ್ತಕಕ್ಕೆ ಬರೆದುಕೊಂಡಿದ್ದ ಬಿಲ್ಲೆ, ಸಂಖ್ಯೆ 4. ಕುತ್ತಿಗೆ ಮುರಿದಿತ್ತು. ಡ್ಯೂಕ್ ಪಕ್ಕದಲ್ಲಿ ಕೂತು ಶಹಬಾಸ್‌ಗಿರಿಗೆ ಕಾಯುತ್ತಿದ್ದ.

ಮರಿಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಎರಡು ಉಸಿರಾಡುತ್ತಿದ್ದವು. ಇಷ್ಟು ಸಣ್ಣದನ್ನು ಯಾರೂ ಸಾಕಲಾರರು ಎಂದಳು ರಾಸ್ಲಿನ್. ಬೆಚ್ಚಗಿರಲಿ ಎಂದು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಹತ್ತು ಗಂಟೆಯ ಹೊತ್ತಿಗೆ ಎರಡೂ ಹೋದವು.

ಅವನನ್ನು ಹೊರಗೆ ಬಿಟ್ಟವಳು ನಾನು. ತುಂಬ ಅತ್ತೆ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲ.

ಮಾರ್ಚ್ 3, ಗುರುವಾರ

ಡ್ಯೂಕ್‌ನನ್ನು ಇನ್ನು ಮನೆಯೊಳಗೇ ಇಟ್ಟುಕೊಳ್ಳುತ್ತೇನೆ. ಪಕ್ಕದ ಮನೆಯವರು ಕೇಳಿದ್ದಕ್ಕೆ, ನೆಗಡಿಯಾಗಬಾರದಲ್ಲ ಎಂದೆ. ಹೊರಗೆ ಮೂವತ್ತಾರು ಡಿಗ್ರಿ.

ಮಾರ್ಚ್ 8, ಮಂಗಳವಾರ

ನನ್ನ ಠರಾವನ್ನು ಇವತ್ತು ಇನ್ನೊಬ್ಬರು ಬರೆದದ್ದೆಂಬಂತೆ ಓದಿದೆ. ‘ತಿಪ್ಪೆಯಿಂದ ತೆರವುಗೊಳಿಸತಕ್ಕದ್ದು.’ ಬಹಳ ಚೆನ್ನಾಗಿ ಬರೆದಿದ್ದೇನೆ. ತೆರವಾಗಬೇಕು ಎಂದಿದೆ, ಜಜ್ಜಬೇಕು ಎಂದಿಲ್ಲ. ತಿಪ್ಪೆಯಿಂದ ಎಂದಿದೆ, ಎಲ್ಲಿಗೆ ಎಂದಿಲ್ಲ. ಕಾರುಗಳನ್ನೂ ‘ಹೆಗ್ಗಣ’ಗಳನ್ನೂ ಒಟ್ಟಿಗೇ ಒಯ್ಯಬೇಕೆಂದು ಸ್ಪಷ್ಟವಾಗಿದೆ.

ಎಲ್ಲಿಗೆ ಎಂಬುದೇ ಪ್ರಶ್ನೆ. ನರಿ ಬಾರದ ಹಾಗೆ ಬೇಲಿ ಇರಬೇಕು, ಮೆತ್ತಗಿನ ಒದ್ದೆ ಮಣ್ಣಿರಬೇಕು, ಬೆಕ್ಕು ತಿರುಗಬಾರದು. ರಾಸ್ಲಿನ್ ಊರಿನ ನಕ್ಷೆ ಹರಡಿಕೊಂಡು ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ಅಂಥ ಜಾಗ ಊರಿನಲ್ಲಿ ಒಂದೇ ಇದೆ. ಅವಳ ಕಣ್ಣು ನನ್ನ ಕಿಟಕಿಯಿಂದ ಹೊರಗೆ ಹೋಯಿತು. ಬಾಯಿ ಬಿಟ್ಟು ಕೇಳುವ ಧೈರ್ಯ ಅವಳಿಗಿರಲಿಲ್ಲ.

ನನ್ನ ಹುಲ್ಲುಹಾಸು: ಸುತ್ತ ನರಿ ನುಸುಳದ ಬೇಲಿ, ದಿನಾ ನೀರು, ಡ್ಯೂಕ್ ಮನೆಯೊಳಗೆ. ಹದಿನೆಂಟು ವರ್ಷ ಕತ್ತರಿ ಹಿಡಿದು ಅಂಚು ತೀಡಿದ್ದೇನೆ. ನನಗೆ ನೀಲಿ ಬೋರ್ಡು ಬೇಕು. ಈಗಲೂ ಬೇಕು. ಒಂಬತ್ತು ತುಕ್ಕು ಕಾರು ಅಂಗಳದಲ್ಲಿಟ್ಟುಕೊಂಡು ಯಾವ ಹುಚ್ಚಿಗೂ ಬೋರ್ಡು ಸಿಗುವುದಿಲ್ಲ.

ಕ್ಲ್ಯಾರಿಗೆ ಫೋನು ಮಾಡಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. “ನಿನ್ನ ಟ್ರಾಕ್ಟರ್ ಕೆಲಸ ಮಾಡುತ್ತಾ?”

“ಮಾಡುತ್ತೆ. ಯಾಕಕ್ಕ, ನನ್ನೂ ತೆರವು ಮಾಡ್ಬೇಕಾ?”

“ಬಾಯಿ ಮುಚ್ಚಿಕೊಂಡು ಸರಪಳಿ ತಗೊಂಡು ಬಾ,” ಎಂದೆ.

ಮಾರ್ಚ್ 13, ಭಾನುವಾರ

ಬೆನ್ನು ಬಗ್ಗುತ್ತಿಲ್ಲ, ಆದರೂ ಬರೆಯಲೇಬೇಕು.

ನಾಲ್ಕು ದಿನದಲ್ಲಿ ಹದಿನೇಳು ಸಿಕ್ಕಿವೆ. ಒಂದೊಂದೂ ಒಂದೊಂದು ದಿಂಬಿನ ಚೀಲದಲ್ಲಿ, ತಂಪಾದ ಬಟ್ಟೆ ಒಗೆಯುವ ಕೋಣೆಯಲ್ಲಿ, ಸಾಲಾಗಿ. ನನ್ನ ಅತ್ತೆ ಕಸೂತಿ ಹಾಕಿದ ‘ಸಿಹಿಗನಸು’ ಎಂಬ ಚೀಲದಲ್ಲಿ ಒಂದು ಮುದಿ ಗಂಡು ಇಡೀ ದಿನ ಸೀನುತ್ತಿತ್ತು. ಹೋಲ್ಡನ್‌ಗಳು, ಒಂದು ಮಾರಿಸ್, ಬಾಗಿಲಿಲ್ಲದ ಒಂದು ವ್ಯಾನು, ಎಲ್ಲವನ್ನೂ ಕ್ಲ್ಯಾರಿ ಸೀಟಿನ ಕೆಳಗಿನ ಹುಲ್ಲು ಸಮೇತ ಎಳೆದು ತಂದ. ಗುಲಾಬಿ ಸಾಲು ಹೋಯಿತು. ಚರ್ಚು ಮುಗಿಸಿ ಬರುವವರೆಲ್ಲ ಬೇಲಿಗೆ ಒರಗಿ ನಿಂತು ನೋಡಿದರು.

ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ಅಳತೆ ಟೇಪು ತಂದು ಒಂದಕ್ಕೊಂದು ಸರಿಯಾಗಿ ನಾಲ್ಕಡಿ ಬಿಡಿಸಿದೆ.

“ಬ್ಯಾಂಡಿಕೂಟ್‌ಗೆ ಸಾಲು ಬೇಕಾಗಿಲ್ಲ ಅಕ್ಕ,” ಎಂದ ಕ್ಲ್ಯಾರಿ.

“ನನಗೆ ಬೇಕು.”

ಮರ್ವ್ ಹಾಡ್ಜ್ ಊಟದ ಕರವಸ್ತ್ರ ಕುತ್ತಿಗೆಯಲ್ಲೇ ಇರುವಂತೆ ಓಡಿ ಬಂದ. “ಮಿಸೆಸ್ ಟ್ರೆಲೋರ್! ಶನಿವಾರ ತೀರ್ಪುಗಾರರು ಬರ್ತಾರೆ! ನಿಮಗೇನು ಬಂತು ಕೇಡು?”

“ಠರಾವು ಜಾರಿ ಮಾಡ್ತಾ ಇದೀನಿ. ಕೈ ಎತ್ತಿದೋರಲ್ಲಿ ನೀವೂ ಒಬ್ರು.”

ಮುಸ್ಸಂಜೆ ಚೀಲಗಳ ಬಾಯಿ ಬಿಚ್ಚಿದೆವು. ಒಂದೊಂದೇ ಮೂಗು ಹೊರಗೆ ಬಂತು, ಗಾಳಿ ಮೂಸಿತು, ಕಾರಿನಡಿ ನುಗ್ಗಿತು. ಕ್ಲ್ಯಾರಿ ಊಟಕ್ಕೆ ಉಳಿದ. ಮೇಜುಬಟ್ಟೆ ಹಾಕಲು ಮರೆತುಹೋಯಿತು.

ಮಾರ್ಚ್ 14, ಸೋಮವಾರ

ಯಂತ್ರ ಬಂತು. ತಿಪ್ಪೆಯ ಮೂವತ್ತೆರಡು ಕಾರುಗಳನ್ನು ಜಜ್ಜಿ ಹೋಯಿತು. ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅವುಗಳಲ್ಲಿ ನಾವು ಹಿಡಿಯದ ಒಂದೂ ಇರಲಿಲ್ಲ ಎಂದು ರಾಸ್ಲಿನ್ ಮೂರು ಸಲ ಹೇಳಿದಳು. ಮೂರು ಸಲ ಹೇಳಿದ್ದರಿಂದಲೇ ನನಗೆ ನಂಬಿಕೆ ಬರಲಿಲ್ಲ.

ಮಾರ್ಚ್ 19, ಶನಿವಾರ

ತೀರ್ಪುಗಾರ ಲ್ಯಾಂಬ್‌ಶೆಡ್ ಎಂಬಾತ ಸರಿಯಾಗಿ ಹನ್ನೊಂದಕ್ಕೆ ಬಂದ. ಬಿಳಿ ಬೂಟು, ಕೈಯಲ್ಲಿ ಅಂಕದ ಹಾಳೆ. ಹಿಂದೆ ಮರ್ವ್, ಮುಖ ಹಿಂಡಿದ ನಿಂಬೆ.

“ಇದು... ಮನೆಯೇನ್ರೀ?”

“ಹೌದು, ನಂದೇ.”

“ಈ ಕಾರುಗಳು?”

“ಅತಿಥಿಗಳದ್ದು.”

“ಅತಿಥಿಗಳೆಲ್ಲಿ?”

“ಮಲಗಿದಾರೆ. ಮೆತ್ತಗೆ ಮಾತಾಡಿ, ಹಗಲು ಎಬ್ಬಿಸ್ಬಾರ್ದು.”

ಆತ ಹುಲ್ಲಿನ ಮೇಲೆ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಒಂದು ತೂತಿನಲ್ಲಿ ಕಾಲು ಸಿಕ್ಕಿ ಅಂಗಾತ ಬಿದ್ದ. ಬೇಲಿಯ ಆಚೆ ಕ್ಲ್ಯಾರಿ ನಕ್ಕದ್ದು ಇಡೀ ಬೀದಿಗೆ ಕೇಳಿಸಿತು. ನಾನು ಲ್ಯಾಂಬ್‌ಶೆಡ್‌ರ ಕೋಟು ಬ್ರಷ್ ಮಾಡಿಕೊಟ್ಟೆ. ತೂತುಗಳನ್ನು ಎಣಿಸುವುದಾದರೆ ಇವತ್ತಿನವು ಎಂಬತ್ತಮೂರು ಎಂದೂ ತಿಳಿಸಿದೆ.

ಏಪ್ರಿಲ್ 11, ಸೋಮವಾರ

ಫಲಿತಾಂಶ ಬಂತು. ಬ್ರಾಕ್ಸ್‌ಬಿ ಮೊದಲು. ನಾವು ಇಪ್ಪತ್ತಾರು ಊರುಗಳಲ್ಲಿ ಇಪ್ಪತ್ತೈದನೆಯವರು. ಕೊನೆಯ ಊರಿನಲ್ಲಿ ಕಸಾಯಿಖಾನೆಗೆ ಬೆಂಕಿ ಬಿದ್ದಿತ್ತಂತೆ. ಷರಾ: ‘ತಿಪ್ಪೆಯ ನೋಟ ಅತ್ಯುತ್ತಮ. ಸಮಿತಿಯ ಅಧ್ಯಕ್ಷೆಯ ಮನೆ ವರ್ಣನಾತೀತ.’

ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ. ಚಹಾಕ್ಕೆ ಬಂದಿದ್ದ ಕ್ಲ್ಯಾರಿ, “ಬೇಜಾರಾಯ್ತಾ ಅಕ್ಕ?” ಎಂದು ಕೇಳಿದ.

“ಆಯ್ತು,” ಎಂದೆ. “ಇನ್ನೊಂದು ಸ್ಕೋನ್ ತಿನ್ನು.”

ಪೇಟೆಯಲ್ಲಿ ಮೂರು ಜನ ನನ್ನನ್ನು ಕಂಡು ಅಂಗಡಿ ಕಿಟಕಿ ನೋಡುತ್ತಾ ನಿಂತರು. ಕ್ಲ್ಯಾರಿ ಜೊತೆಗಿದ್ದ, ಇಬ್ಬರೂ ನಿಧಾನವಾಗಿ ನಡೆದುಕೊಂಡೇ ಹೋದೆವು.

ಏಪ್ರಿಲ್ 18, ಸೋಮವಾರ

ಮೊದಲ ಮಳೆ ಬಿದ್ದಿದೆ. ಹುಳುಗಳೆಲ್ಲ ಮೇಲೆ ಬಂದಿವೆ. ಅಂಗಳ ಉತ್ತ ಹೊಲದ ಹಾಗಿದೆ.

ಕೌನ್ಸಿಲಿನಿಂದ ನೋಟೀಸು ಬಂತು, ಹೊಸ ಲೆಟರ್‌ಹೆಡ್ಡಿನ ಮೇಲೆ, ಮರಿ ಮುಂದಿನಿಂದ ಕೈ ಬೀಸುತ್ತಿದೆ. ಹದಿನಾಲ್ಕು ದಿನದೊಳಗೆ ಅಂಗಳದ ‘ಹಳೆಯ ವಾಹನಗಳನ್ನು’ ತೆಗೆಯದಿದ್ದರೆ ಅವರೇ ಬಂದು ತೆಗೆಯುತ್ತಾರಂತೆ. ಇಂಥ ನೋಟೀಸು ಊರ್ಜಿತವಾಗಲು ಚೊಕ್ಕಟ ಊರು ಸಮಿತಿಯ ಅಧ್ಯಕ್ಷೆ ಪರಿಶೀಲಿಸಿ ಸಹಿ ಹಾಕಬೇಕು. ಅಧ್ಯಕ್ಷೆ ನಾನೇ. ನನ್ನನ್ನು ತೆಗೆಯಬೇಕೆಂದರೆ ವಾರ್ಷಿಕ ಸಭೆ ಬರಬೇಕು, ಅದು ಅಕ್ಟೋಬರಿನಲ್ಲಿ. ಹಾಗಾಗಿ ನನ್ನ ಮನೆಗೆ ಬಂದ ನೋಟೀಸು ನನ್ನ ಸಹಿಗೆ ನನ್ನ ಬಳಿಯೇ ಬಂದಿತ್ತು.

ಬಾಗಿಲಿಲ್ಲದ ವ್ಯಾನಿನ ಹೆಣ್ಣು, ಸಂಖ್ಯೆ 11, ಹೋದ ಬಾರಿ ನೋಡಿದಾಗ ಚೀಲ ಖಾಲಿಯಿತ್ತು. ಈಗ ಬಸುರಿ ಇರಬಹುದು ಎನ್ನುತ್ತಾಳೆ ರಾಸ್ಲಿನ್. ಎಷ್ಟು ದಿನ ಬೇಕು ಎಂದು ಕೇಳಿದೆ.

“ಹೆರೋಕೆ ಹನ್ನೆರಡೂವರೆ ದಿನ. ಇಷ್ಟು ಬೇಗ ಹೆರೋ ಪ್ರಾಣಿ ಬೇರೆ ಸಿಗೋದು ಕಷ್ಟ. ಆಮೇಲೆ ಮರಿ ಚೀಲದಲ್ಲಿ ಐವತ್ತೈದು ದಿನ. ಅಷ್ಟೊತ್ತಿಗೆ ಸರ್ಕಾರದ ಆದೇಶಾನೂ ಬಂದಿರುತ್ತೆ.”

ಕೂಡಿದೆ. ಅರವತ್ತೇಳೂವರೆ. ಒಂದು ನೋಟೀಸಿಗೆ ಹದಿನಾಲ್ಕು ದಿನ; ತಪ್ಪಿದ್ದರೆ ಹೊಸ ನೋಟೀಸು, ಮತ್ತೆ ಮೊದಲಿನಿಂದ ಹದಿನಾಲ್ಕು.

ಕನ್ನಡಕ ಹಾಕಿಕೊಂಡು ನೋಟೀಸನ್ನು ಸಾವಧಾನವಾಗಿ ಓದಿದೆ. ಎರಡನೇ ಸಾಲಿನಲ್ಲಿ ‘ಟ್ರೆಲೋರ್’ ಬದಲು ‘ಟ್ರೈಲರ್’ ಎಂದಿತ್ತು. ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಸಹಿ ಮಾಡದೆ, ಸರಿಪಡಿಸಿ ಹೊಸದಾಗಿ ಹೊರಡಿಸುವುದು ಎಂದು ಬರೆದು ವಾಪಸು ಕಳಿಸಿದ್ದೇನೆ. ಒಟ್ಟು ಐದು ತಪ್ಪು ಬೇಕು, ಒಂದು ಸಿಕ್ಕಿದೆ. ಮಿಕ್ಕ ನಾಲ್ಕಕ್ಕೆ ಮರ್ವ್ ಹಾಡ್ಜ್‌ನ ಕಚೇರಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ.